ಮೂರನೇ ಪಿನ್ನಿನಲ್ಲಿ ಬಂದ ಸದ್ದು

ಫಾಲ್ಗುಣದ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ನ್ಯಾಮತಿಯ ನನ್ನ ಮನೆಯ ಮುಂದಿನ ಕೋಣೆ. ಹಾಜರಿದ್ದವಳು ನಾನೊಬ್ಬಳೇ, ಫೋನಿನ ಆ ತುದಿಗೆ, ಜಗಳೂರಿನಲ್ಲಿ, ನನ್ನ ಅಣ್ಣ. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಇಷ್ಟನ್ನು ಬರೆದೇ ಮುಂದಿನದನ್ನು ಬರೆಯುತ್ತಿದ್ದೆವು. ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ವರ್ಗವಾಗುತ್ತ ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆ ಅಭ್ಯಾಸ ಹೋಗಿಲ್ಲ. ಹೋಗಲೆಂದು ನಾನೂ ಬಯಸಿಲ್ಲ.

ಅಣ್ಣ ಬಸ್ ಕಂಡಕ್ಟರ್ ಆಗಿದ್ದವನು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಪತ್ರಿಕೆ ಓದಲಾಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು, ಸ್ನಾನ ಮುಗಿಸಿ, ಪತ್ರಿಕೆಯನ್ನು ಕಂಪ್ಯೂಟರಿನ ಮೈಕಿಗೆ ಓದಿ ಅವನಿಗೆ ಕಳಿಸುವುದು ನನ್ನ ದಿನದ ಮೊದಲ ಕೆಲಸ. ಫೋನಿಗೇ ಓದಬಹುದಲ್ಲ ಎಂದು ಕೇಳುವವರಿದ್ದಾರೆ. ಫೋನಿಗೆ ಓದುತ್ತಿದ್ದರೆ ನಡುವೆ ಯಾರಾದರೂ ಕರೆ ಮಾಡುತ್ತಾರೆ. ಕಂಪ್ಯೂಟರಿಗೆ ಯಾರೂ ಕರೆ ಮಾಡುವುದಿಲ್ಲ.

ಆ ಶನಿವಾರ ಕಳಿಸಿದ್ದನ್ನು ಕೇಳಿ ಅಣ್ಣ ತಾನೇ ಫೋನು ಮಾಡಿದ.

"ಲೇ ತಂಗಿ, ನಿನ್ನ ಕಂಪ್ಯೂಟರ್‌ನಾಗೆ ಜೇನು ಕಟ್ಟೈತೇನು?"

"ಇವತ್ತೂ ಬಂತಾ?"

"ಬಂತು. ಶುರುವಿನಾಗೆ ಇರಲಿಲ್ಲ. ಮಂಡಿ ಧಾರಣೆ ಓದಾಕೆ ಹತ್ತಿದೆಯಲ್ಲ, ಅಲ್ಲಿಂದ ಹಿಡ್ಕಂತು. ಮೆಕ್ಕೆಜೋಳದ ರೇಟು ಹೇಳ್ತಿದೀಯೋ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ಶಾಪ ಹಾಕ್ತಿದೀಯೋ ತಿಳೀಲಿಲ್ಲ."

ನಾನು ನಕ್ಕೆ. ಅವನು ನಗಲಿಲ್ಲ. "ತಮಾಷಿಗೆ ಹೇಳ್ತಿಲ್ಲ ಕಣೆ. ಸುಮ್ನೆ ಕೂತು ಕೇಳಿದ್ರೆ, ನಿನ್ನ ಹಿಂದೆ ಯಾರೋ ಬಾಯಿ ಮುಚ್ಕಂಡು ಅಳ್ತಾ ಇದ್ದಂಗೈತೆ. ನನಗ್ಯಾಕೋ ಸರಿ ಬರ್ತಿಲ್ಲ. ನಾಳೆಯಿಂದ ಓದಬೇಡ, ಇಲ್ಲ ಅಂದ್ರೆ ಅದನ್ನ ನಿಲ್ಲಿಸು."

ಆ ವಾರವೆಲ್ಲ ಹೀಗೇ ಆಗಿತ್ತು. ಒಂದೇ ಮಟ್ಟದ, ಏರದ, ಇಳಿಯದ ಗುಂಯ್ ಎನ್ನುವ ಸದ್ದು. ಸ್ಪೀಕರಿನಲ್ಲೂ ಬರುತ್ತಿತ್ತು, ಓದಿದ್ದರ ಅಡಿಯಲ್ಲೂ ಸೇರಿಕೊಳ್ಳುತ್ತಿತ್ತು. ಹೊನ್ನಾಳಿಯಲ್ಲಿ ಕಂಪ್ಯೂಟರ್ ಕೊಂಡ ಅಂಗಡಿಗೆ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಕೇಳಿದ್ದೆ. ಅಂಗಡಿಯವನು ಕುರ್ಚಿಯಿಂದ ಏಳದೆ ಒಂದು ಎರಡು ಪಿನ್ನಿನ ಅಡಾಪ್ಟರ್ ಕೈಗಿಟ್ಟ. "ಇದಕ್ಕೆ ಸಿಗ್ಸಿ ಹಾಕ್ರಿ ಅಮ್ಮ. ಮೂರನೇ ಪಿನ್ನು ಕೆಲಸ ಮಾಡಂಗಿಲ್ಲ, ಸದ್ದು ಕಟ್ಟಾಗ್ತೈತೆ. ಎಲ್ಲರಿಗೂ ಇದನ್ನೇ ಕೊಡೋದು ನಾನು."

ಅಡಾಪ್ಟರ್ ಮೇಜಿನ ಮೇಲಿತ್ತು. ಅಷ್ಟು ಸುಲಭದ ಔಷಧ ನನಗೆ ಹಿಡಿಸುವುದಿಲ್ಲವಾದ್ದರಿಂದ ಮೊದಲು ರೋಗಿಯನ್ನು ನೋಡೋಣ ಎಂದು ಕುಳಿತೆ.

ವಾರ್ಡಿನಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮೈಕಿನ ತಂತಿ ಕಿತ್ತೆ. ಸ್ಪೀಕರಿನಲ್ಲಿ ಸದ್ದು ಇದ್ದ ಹಾಗೇ ಇತ್ತು. ಮೈಕನ್ನು ಮತ್ತೆ ಸಿಕ್ಕಿಸಿ, ಸ್ಪೀಕರಿಗೆ ಕಂಪ್ಯೂಟರಿನಿಂದ ಬರುವ ತಂತಿಯನ್ನು ಕಿತ್ತೆ. ಸದ್ದು ನಿಂತಿತು. ಅಂದರೆ ಸ್ಪೀಕರಿನದು ತಪ್ಪಲ್ಲ. ಅದನ್ನು ಸಿಕ್ಕಿಸಿ ಇಂಟರ್ನೆಟ್ ಡಬ್ಬಿಯಿಂದ ಬರುವ ತಂತಿಯನ್ನು ಕಿತ್ತೆ. ಸದ್ದು ಅರ್ಧಕ್ಕೆ ಇಳಿಯಿತು, ಹೋಗಲಿಲ್ಲ. ಅದನ್ನೂ ಮತ್ತೆ ಸಿಕ್ಕಿಸಿದೆ. ಫ್ಯಾನು, ಟ್ಯೂಬ್‌ಲೈಟು, ಫ್ರಿಜ್ಜು ಒಂದೊಂದಾಗಿ ಆರಿಸಿದೆ. ವ್ಯತ್ಯಾಸವಿಲ್ಲ. ಕೊನೆಗೆ ಅಂಗಡಿಯವನ ಅಡಾಪ್ಟರ್ ಹಾಕಿ ಕಂಪ್ಯೂಟರನ್ನು ಮತ್ತೆ ಹಚ್ಚಿದೆ.

ಪೂರ್ತಿ ನಿಶ್ಶಬ್ದ. ಗಡಿಯಾರದ ಮುಳ್ಳಿನ ಸದ್ದು ಕೇಳುವಷ್ಟು.

ಅಂಗಡಿಯವನ ಮಾತು ನಿಜವಾಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಹೊಟ್ಟೆನೋವು ಎಂದು ಬಂದವರಿಗೆ ಕಾರಣ ತಿಳಿಯುವ ಮುಂಚೆ ನೋವಿನ ಸೂಜಿ ಕೊಡಬಾರದು. ನೋವು ಅಡಗುತ್ತದೆ, ಒಳಗೆ ಕರುಳು ಕೊಳೆಯುತ್ತಿರುತ್ತದೆ. ಮೂರನೇ ಪಿನ್ನು ಭೂಮಿಗೆ ಹೋಗುವ ಅರ್ಥ್ ತಂತಿ. ಯಂತ್ರದಲ್ಲಿ ಕರೆಂಟು ಸೋರಿದರೆ ಅದರ ಮೂಲಕ ಮಣ್ಣಿಗೆ ಇಳಿದು ಹೋಗಲಿ ಎಂದು ಅದು ಇರುವುದು. ಅದರಲ್ಲಿ ಎಂದೂ ಏನೂ ಹರಿಯುತ್ತಿರಬಾರದು. ಇಸಿಜಿ ತೆಗೆಯುವಾಗ ಅರ್ಥ್ ಸರಿಯಿಲ್ಲದಿದ್ದರೆ ಕಾಗದದ ಮೇಲೆ ಹೃದಯದ ಗೆರೆಯ ಬದಲು ಗರಗಸದ ಹಲ್ಲು ಮೂಡುವುದನ್ನು ಎಷ್ಟೋ ಸಲ ಕಂಡಿದ್ದೆ. ಇದು ಅದೇ ಗರಗಸ, ಕಿವಿಗೆ ಕೇಳುವಂತೆ. ಕಂಪ್ಯೂಟರಿನಿಂದ ಹೊರಗೆ ಹೋಗಬೇಕಾದ ದಾರಿಯಲ್ಲಿ ಹೊರಗಿನಿಂದ ಏನೋ ಒಳಗೆ ಬರುತ್ತಿತ್ತು.

ಅಡಾಪ್ಟರ್ ಕಿತ್ತು ಮೂರು ಪಿನ್ನನ್ನೇ ಮತ್ತೆ ಹಾಕಿದೆ. ಗುಂಯ್ ಎಂದಿತು.

ಹಾಗೆ ನೋಡುತ್ತ ಕುಳಿತಿರುವಾಗಲೇ ತಾನಾಗಿ ನಿಂತಿತು. ನಾನು ಯಾವುದನ್ನೂ ಮುಟ್ಟಿರಲಿಲ್ಲ. ಕಿಟಕಿಯಾಚೆ, ಕಾಂಪೌಂಡಿನ ಗೋಡೆಯ ಆ ಬದಿಯಿಂದ, ಪಕ್ಕದ ಮನೆಯಾಕೆಯ ದನಿ ಕೇಳಿತು.

"ಇಷ್ಟೊತ್ತಾದ್ರೂ ನೀರು ಉಗುರು ಬೆಚ್ಚಗೈತಲ್ಲೇ. ಆಫ್ ಮಾಡಿ ಕೈ ಹಾಕಿ ನೋಡ್ದೆ. ತಿರುಗಿ ಹಾಕ್ತೀನಿ, ಒಂಚೂರು ತಡಿ."

ಸ್ವಿಚ್ಚಿನ ಸದ್ದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನನ್ನ ಸ್ಪೀಕರ್ ಮತ್ತೆ ಗುಂಯ್ ಎಂದಿತು.



ಪಕ್ಕದ ಮನೆಯಾಕೆ ನನಗಿಂತ ಚಿಕ್ಕವಳು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಆಪರೇಷನ್ ಆಗಿ ಗಂಡುಮಗು, ಇಬ್ಬರೂ ಕ್ಷೇಮ. ಬಾಣಂತಿ ಮನೆಯೆಂದರೆ ನೀರಿನ ಮನೆ. ನಮ್ಮ ಕಡೆ ಬಾಣಂತಿಗೆ ಎಣ್ಣೆ ಅರಿಶಿನ ತಿಕ್ಕಿ, ಹಂಡೆಗಟ್ಟಲೆ ಸುಡುನೀರು ಹಾಕುತ್ತಾರೆ, ಒಂದು ದಿನ ತಪ್ಪಿದರೂ ಮೈಗೆ ಗಾಳಿ ಸೇರುತ್ತದೆ ಎನ್ನುತ್ತಾರೆ. ಆ ಮನೆಯಲ್ಲಿ ಸೌದೆ ಒಲೆ ತೆಗೆಸಿ, ತಾಮ್ರದ ಹಂಡೆಗೆ ಕರೆಂಟಿನ ರಾಡ್ ಇಳಿಬಿಟ್ಟು ನೀರು ಕಾಯಿಸುತ್ತಿದ್ದರು.

ಎರಡು ದಿನದ ಹಿಂದೆ ಗೋಡೆಯ ಬಳಿ ನಿಂತು ಆಕೆ ದನಿ ತಗ್ಗಿಸಿ ಹೇಳಿದ್ದಳು. "ಸಿಸ್ಟರಮ್ಮ, ಹುಡುಗಿಗೆ ಸರಿ ಇಲ್ಲ ರೀ. ನೀರು ಹಾಕುವಾಗ ಕೈಯೆಲ್ಲ ಜುಮ್ ಅಂತೈತೆ ಅಂತಾಳೆ. ನಿನ್ನೆ ಬಚ್ಚಲದಾಗೆ ಕೈ ಕೊಡವಿಕೊಂಡು ಅಳಾಕೆ ಹತ್ತಿದ್ಲು. ನೀರು ಅಂದ್ರೆ ಹೆದರ್ತಾಳೆ. ಬಾಣಂತಿ ಸನ್ನಿ ಹಿಂಗೇ ಶುರು ಆಗೋದಂತೆ."

"ಬೇರೆ ಹೊತ್ತಿನಾಗೆ ಹೆಂಗಿರ್ತಾಳೆ?"

"ಚೆನ್ನಾಗೇ ಇರ್ತಾಳೆ. ನೀರಿಗೆ ಕೂತಾಗ್ಲೇ ಅದು. ಸೂಳೆಕೆರೆ ಕಡೆ ಒಬ್ರು ತಾಯತ ಕಟ್ತಾರಂತೆ. ಅಮಾಸೆಗೆ ಹೋಗಾಕೆ ಹೇಳಿ ಕಳ್ಸೀವಿ."

ತಾಯತ ಕಟ್ಟಿಸಿ, ಆದರೆ ರಕ್ತದೊತ್ತಡ ನೋಡಿಸಿ, ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ ಎಂದು ನಾನು ಹೇಳಿ ಬಂದಿದ್ದೆ. ನೀರಿಗೆ ಕೂತಾಗಲೇ ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಈಗ ಇಳಿಯಿತು.

ಡ್ರಾಯರಿನಿಂದ ಟೆಸ್ಟರ್ ತೆಗೆದು ಗೋಡೆಯ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಇಟ್ಟೆ. ಅದು ಭೂಮಿಯ ತೂತು. ಅಲ್ಲಿ ಟೆಸ್ಟರ್ ಕತ್ತಲಾಗಿರಬೇಕು. ಒಳಗೆ ಕೆಂಪು ಕಿಡಿ ಮಂಕಾಗಿ ಹೊತ್ತಿಕೊಂಡಿತು.

ಹಿತ್ತಿಲಿಗೆ ಹೋದೆ. ಎರಡೂ ಮನೆಗೆ ಸೇರಿ ಒಂದೇ ಬೋರ್‌ವೆಲ್, ಗೋಡೆಯ ಬುಡದಲ್ಲಿ. ನಮ್ಮ ಊರುಗಳಲ್ಲಿ ಅರ್ಥಿಂಗಿಗೆ ಬೇರೆ ಗುಂಡಿ ತೋಡುವವರು ಕಡಿಮೆ. ಬೋರಿನ ಕಬ್ಬಿಣದ ಕೊಳವೆ ನೆಲಕ್ಕೆ ಇಳಿದಿರುತ್ತದಲ್ಲ ಎಂದು ಅದಕ್ಕೇ ತಂತಿ ಬಿಗಿಯುತ್ತಾರೆ. ನನ್ನ ಮನೆಯ ತಂತಿ ಅಲ್ಲಿತ್ತು, ತುಕ್ಕು ಹಿಡಿದದ್ದು. ಅವರ ಮನೆಯದೂ ಇತ್ತು. ಆ ಎರಡರ ಪಕ್ಕ ಮೂರನೆಯದೊಂದು ತಂತಿ, ಕಪ್ಪು ಬಣ್ಣದ್ದು, ಹೊಚ್ಚ ಹೊಸದು, ಅವರ ಗೋಡೆ ಹತ್ತಿ ಮೀಟರಿನ ಹಲಗೆಯ ಕಡೆ ಹೋಗಿತ್ತು. ಸುತ್ತಲಿನ ಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಟೆಸ್ಟರನ್ನು ಕೊಳವೆಗೆ ತಾಗಿಸಿದೆ. ಅಲ್ಲೂ ಕೆಂಪು.

ಕೊಳವೆಯಿಂದ ಅವರ ಬಚ್ಚಲಿಗೆ ಹಳೆಯ ಕಬ್ಬಿಣದ ಪೈಪು ಹೋಗುತ್ತದೆ. ನನ್ನ ಮನೆಗೆ ಪ್ಲಾಸ್ಟಿಕ್ಕಿನದು ಹಾಕಿಸಿಕೊಂಡಿದ್ದೆ; ಮನೆಯೊಳಗೂ ಚಪ್ಪಲಿ ಬಿಡದ ಆಸ್ಪತ್ರೆಯ ಅಭ್ಯಾಸ ಬೇರೆ. ನನಗೆ ಏನೂ ತಟ್ಟದಿರಲು ಬೇರೆ ಪುಣ್ಯ ಕಾರಣವಲ್ಲ.

ಅಷ್ಟರಲ್ಲಿ ಕಿಟಕಿಯೊಳಗಿನಿಂದ ಸ್ಪೀಕರಿನ ಸದ್ದು ಬದಲಾಯಿತು. ಗುಂಯ್ ಎನ್ನುತ್ತಿದ್ದದ್ದು ದಪ್ಪಗಾಗಿ, ಹಿತ್ತಿಲಿಗೆ ಕೇಳುವಷ್ಟು ಜೋರಾಯಿತು. ಟೆಸ್ಟರಿನ ಕಿಡಿ ಕಣ್ಣೆದುರೇ ಕೆಂಡದಂತೆ ಬೆಳಗಿತು.

ಗೋಡೆಯಾಚೆ ಆಕೆ ಮಗಳಿಗೆ ಹೇಳುತ್ತಿದ್ದಳು. "ಎರಡ್ನೇ ರಾಡೂ ಹಾಕೀನಿ ಕಣವ್ವ. ಇವತ್ತು ಜಲ್ದಿ ಕಾಯ್ತೈತೆ. ಎಣ್ಣೆ ಹಚ್ಚಿಕೊಂಡು ಹೋಗಿ ಕೂತ್ಕ."

ನಾನು ಓಡುವುದಿಲ್ಲ. ವಾರ್ಡಿನಲ್ಲಿ ಓಡಿದರೆ ರೋಗಿಗಳು ಹೆದರುತ್ತಾರೆ. ಅಂದು ಓಡಿದೆ.

ಅವರ ಹಿಂಬಾಗಿಲು ತೆರೆದಿತ್ತು. ಬಚ್ಚಲಿನ ಕಲ್ಲಿನ ಮೇಲೆ ಹುಡುಗಿ ಕೂತಿದ್ದಳು, ಮೈಯೆಲ್ಲ ಎಣ್ಣೆ, ಸೀರೆ ಸುತ್ತಿಕೊಂಡು, ಬರಿಗಾಲು ನೀರಿನಲ್ಲಿ. ಪಕ್ಕದಲ್ಲಿ ಹಂಡೆ, ಅದರೊಳಗೆ ಎರಡು ರಾಡು. ಎದುರಿಗೆ ನಲ್ಲಿ. ಹೊಟ್ಟೆಯ ಹೊಲಿಗೆ ಎಳೆಯುತ್ತದೆಂದು ಅವಳು ಏಳುವಾಗ, ಕೂರುವಾಗ ಆ ನಲ್ಲಿಯನ್ನೇ ಹಿಡಿಯುತ್ತಿದ್ದಳು. ತಾಯಿ ಪ್ಲಾಸ್ಟಿಕ್ ಚೊಂಬು ಹಿಡಿದು ನಿಂತಿದ್ದಳು, ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದ ದಪ್ಪ ರಬ್ಬರಿನ ಚಪ್ಪಲಿ ಹಾಕಿಕೊಂಡು. ದಿನವೂ ನೀರು ಹಾಕುವ ಆಕೆಗೆ ಯಾಕೆ ಒಮ್ಮೆಯೂ ಜುಮ್ ಎನ್ನಲಿಲ್ಲ ಎಂಬುದು ಆ ಚಪ್ಪಲಿ ನೋಡಿದಾಗ ತಿಳಿಯಿತು.

"ಯಾಕ್ರೀ ಸಿಸ್ಟರಮ್ಮ, ಹಿಂಗೆ ಉಸಿರು ಬಿಡ್ತೀರಿ?" ಎಂದಳು ಆಕೆ.

ನನ್ನನ್ನು ನೋಡಿ ಹುಡುಗಿ ನಾಚಿಕೊಂಡು ಏಳಲು ನೋಡಿದಳು. ಕೈ ನಲ್ಲಿಯ ಕಡೆ ಹೋಯಿತು.

"ನಲ್ಲಿ ಮುಟ್ಟಬೇಡ," ಎಂದೆ. "ಹಂಡೆನೂ ಮುಟ್ಟಬೇಡ. ಎರಡೂ ಕೈ ತೊಡೆ ಮೇಲೆ ಇಟ್ಕೋ. ಹಂಗೇ ಕೂತಿರು."

ಹೊಸ ನರ್ಸುಗಳಿಗೆ ಹೇಳುವ ದನಿ ಅದು. ಯಾಕೆ ಎಂದು ಕೇಳಲು ಜಾಗ ಬಿಡುವುದಿಲ್ಲ. ಹುಡುಗಿ ಕೈ ಎಳೆದುಕೊಂಡಳು. ನಾನು ನಡುಮನೆಗೆ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದೆ. ಫ್ಯಾನು ನಿಂತಿತು, ತೊಟ್ಟಿಲಲ್ಲಿದ್ದ ಮಗು ಅಳತೊಡಗಿತು. ಮರಳಿ ಬಂದು ಟೆಸ್ಟರನ್ನು ನಲ್ಲಿಗೆ ಇಟ್ಟು, ಕತ್ತಲಾಗಿದೆ ಎಂದು ನೋಡಿಕೊಂಡು, ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ.

"ಸನ್ನಿ ಅಲ್ಲ ಇದು," ಎಂದೆ ತಾಯಿಗೆ. "ನಲ್ಲೀಲಿ ಕರೆಂಟ್ ಬರ್ತೈತೆ. ನಿಮ್ಮ ಕಾಲಾಗೆ ಚಪ್ಪಲಿ ಐತೆ, ನಿಮಗೆ ಗೊತ್ತಾಗಲಿಲ್ಲ. ಅವಳ ಕಾಲು ಬರಿಗಾಲು."

ಆಕೆ ನಂಬಲಿಲ್ಲ. "ನೀರಾಗೆ ಕರೆಂಟ್ ಹೆಂಗೆ ಬರ್ತೈತೆ ರೀ? ಲೈಟ್ ಎಲ್ಲಾ ಸರಿ ಉರೀತಾವಲ್ಲ. ಓಲ್ಟೇಜ್ ಒಂದು ಕಮ್ಮಿ ಅಷ್ಟೇ." ಆಮೇಲೆ ಹಂಡೆ ನೋಡಿ, "ಈಗ ನೀರು ಆರಿ ಹೋಗ್ತೈತಲ್ಲ," ಎಂದಳು.

ಹುಡುಗಿ ಆಗ ಮೊದಲ ಸಲ ಮಾತಾಡಿದಳು. "ಅವ್ವ, ನಾನು ದಿನಾ ಹೇಳ್ತಿದ್ದೆ. ನನಗೆ ಬೇರು ಅರೆದು ಕುಡಿಸ್ತಿದ್ದೆ ನೀನು."

ತಾಯಿ ಚೊಂಬನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು.

ಆ ಹೊಸ ತಂತಿ ಬಿಗಿದವನು ಊರಿನ ಒಬ್ಬ ವೈರಿಂಗ್ ಕೆಲಸದವನು. ಫೋನು ಮಾಡಿದಾಗ ಬೈಕಿನಲ್ಲಿ ಬೇಗನೇ ಬಂದ. ಬಾಗಿಲಲ್ಲಿ ನಮ್ಮ ಮೂವರ ಮುಖ ನೋಡಿ ಚೀಲ ಇಳಿಸದೆ ನಿಂತ.

"ಆ ಕಪ್ಪು ತಂತಿ ಯಾತಕ್ಕೆ?" ಎಂದೆ.

"ಕಂಬದ ಮೇಲೆ ನ್ಯೂಟ್ರಲ್ ಬಿಟ್ಟಿತ್ತು ರೀ, ಹೋದ ವಾರದ ಗಾಳಿಗೆ. ಬಾಣಂತಿ ಮನೆ, ನೀರು ನಿಲ್ಲಂಗಿಲ್ಲ, ಇವತ್ತೇ ಆಗಬೇಕು ಅಂದ್ರು ಇವರು. ಅರ್ಥಿಂದ ಕೊಟ್ಟೆ. ಒಂದೆರಡು ದಿನದ ಮಟ್ಟಿಗೆ."

ಮನೆಗೆ ಬಂದ ಕರೆಂಟು ಕಂಬಕ್ಕೆ ಮರಳುವ ತಂತಿ ನ್ಯೂಟ್ರಲ್. ಅದು ಕಡಿದಿದ್ದರಿಂದ ಮನೆಯ ಕರೆಂಟನ್ನೆಲ್ಲ ಬೋರಿನ ಕೊಳವೆಯ ಮೂಲಕ ಮಣ್ಣಿಗೆ ಬಿಟ್ಟಿದ್ದ. ಹಸಿ ಮಣ್ಣಾಗಿದ್ದರೆ ಅಷ್ಟಿಷ್ಟು ಕುಡಿಯುತ್ತಿತ್ತೇನೋ. ಒಣ ಮಣ್ಣು ಕುಡಿಯಲಿಲ್ಲ. ಉಳಿದದ್ದು ಕೊಳವೆಯಲ್ಲಿ, ನಲ್ಲಿಯಲ್ಲಿ, ನನ್ನ ಕಂಪ್ಯೂಟರಿನ ಮೂರನೇ ಪಿನ್ನಿನಲ್ಲಿ ನಿಂತಿತ್ತು.

"ಎರಡು ದಿನ ಆದ ಮೇಲೆ?"

"ಲೈಟ್ ಉರೀತಿತ್ತಲ್ಲ. ಯಾರೂ ಕರೀಲಿಲ್ಲ. ನಾನೂ ಮರೆತೆ." ಅವನು ತಾಯಿಯ ಕಡೆ ನೋಡಿದ. "ಪಂಪ್‌ಸೆಟ್ ಎಲ್ಲಾ ಹಿಂಗೇ ಓಡಿಸೋದು ರೀ ನಾವು. ತೋಟದಾಗೆ ಒಂದು ರಾಡ್ ಹೊಡೆದು ನ್ಯೂಟ್ರಲ್ ತಗೋತೀವಿ. ಏನೂ ಆಗಿಲ್ಲ ಇಲ್ಲಿವರೆಗೆ."

"ತೋಟದಾಗೆ ಬಾಣಂತಿಗೆ ನೀರು ಹಾಕ್ತೀರೇನು?"

ಅವನು ಹಿತ್ತಿಲಿಗೆ ನಡೆದ. ಹೋಗಿ ಕಪ್ಪು ತಂತಿ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

"ಇನ್ನೆಷ್ಟು ಮನೆಗೆ ಹಿಂಗೆ ಕೊಟ್ಟೀಯ?" ಎಂದೆ.

ಚೀಲದ ಜಿಪ್ ಎಳೆದ. ತೆರೆದ. ಮತ್ತೆ ಎಳೆದ. "ನೋಡಬೇಕು ರೀ," ಎಂದ. ಬೈಕು ಹತ್ತಿ ಹೊರಟವನು ತನ್ನ ಮನೆಯ ಕಡೆ ತಿರುಗಲಿಲ್ಲ. ಬಸ್ ನಿಲ್ದಾಣ ದಾಟಿ ಹಳ್ಳಿಯ ರಸ್ತೆ ಹಿಡಿದದ್ದನ್ನು ಗೇಟಿನಲ್ಲಿ ನಿಂತು ನೋಡಿದೆ. ಯಾವ ಹಳ್ಳಿ, ಯಾರ ಬಚ್ಚಲು, ತಿಳಿಯದು.

ವಿದ್ಯುತ್ ಕಚೇರಿಗೆ ನಾನೇ ಹೋಗಿ ದೂರು ಕೊಟ್ಟೆ. ಪಕ್ಕದ ಮನೆಯಿಂದ ಅದಕ್ಕೆ ಮುಂಚೆ ದೂರೇ ಹೋಗಿರಲಿಲ್ಲ. ಲೈಟು ಉರಿಯುವ ಮನೆಯಿಂದ ಯಾರು ದೂರು ಕೊಡುತ್ತಾರೆ. ಮಧ್ಯಾಹ್ನದ ಮೇಲೆ ಲೈನ್‌ಮನ್ನುಗಳು ಬಂದು ಕಂಬ ಹತ್ತಿ, ಕಡಿದ ತುದಿಯನ್ನು ಕೆರೆದು ಹೊಸದಾಗಿ ಬಿಗಿದರು. ಮೇನ್ ಹಾಕಿದಾಗ ಆ ಮನೆಯ ಫ್ಯಾನು ಹಿಂದೆಂದೂ ತಿರುಗದಷ್ಟು ಜೋರಾಗಿ ತಿರುಗಿತು. ಬಚ್ಚಲು, ಅಡುಗೆಮನೆ, ಹಿತ್ತಿಲು, ಎಲ್ಲ ನಲ್ಲಿಗಳಿಗೂ ಟೆಸ್ಟರ್ ಇಟ್ಟು ನೋಡಿದೆ, ರಾಡ್ ಹಾಕಿಸಿಯೂ ನೋಡಿದೆ. ಎಲ್ಲ ಕತ್ತಲು. ನನ್ನ ಮನೆಯಲ್ಲಿ ಮೂರು ಪಿನ್ನು ಹಾಕಿದ್ದರೂ ಸ್ಪೀಕರ್ ಗುಂಯ್ ಎನ್ನಲಿಲ್ಲ.

"ಹಂಗಾದ್ರೆ ತಾಯತ ಬ್ಯಾಡವ?" ಎಂದಳು ತಾಯಿ, ನನ್ನ ಹಿಂದೆಯೇ ಬರುತ್ತ.

"ಬೇಕಾದ್ರೆ ಕಟ್ಟಿಸ್ಕೊಳ್ರಿ. ಬೋರಿಗೆ ಕಟ್ಟಿದ ತಂತಿ ಮಾತ್ರ ಬಿಚ್ಚಿಸಿ, ಅರ್ಥಿಂಗಿಗೆ ಬೇರೆ ಗುಂಡಿ ತೋಡಿಸ್ರಿ. ನಾನೂ ತೋಡಿಸ್ತೀನಿ."

ಸಂಜೆಯಾಗುತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಬಾಣಂತಿಗೆ ನೀರು ಹಾಕಬಾರದೆಂದು ತಾಯಿ ಒಂದು ಮಾತು ಹೇಳಿದಳು, ಇಡೀ ದಿನ ನೀರು ತಪ್ಪಬಾರದೆಂದು ಇನ್ನೊಂದು ಹೇಳಿದಳು. ನಾನು ನನ್ನ ಗ್ಯಾಸಿನ ಒಲೆಯಲ್ಲಿ ನೀರು ಕಾಯಿಸಿ ಬಕೆಟ್ಟಿನಲ್ಲಿ ತಂದೆ. ರಾಡನ್ನು ಆ ದಿನ ನಾನು ನಂಬಲಿಲ್ಲ.

ಹುಡುಗಿ ಬಚ್ಚಲಿನ ಹೊಸ್ತಿಲು ದಾಟಲಿಲ್ಲ. ನಲ್ಲಿಯನ್ನೇ ನೋಡುತ್ತ ನಿಂತಿದ್ದಳು. ಟೆಸ್ಟರ್ ತೋರಿಸಿದೆ, ಅವಳಿಗೆ ಅದು ಸಾಕಾಗಲಿಲ್ಲ. ತಾನು ಹೇಳಿದ್ದನ್ನು ಯಾರೂ ನಂಬದ ಜಾಗದಲ್ಲಿ ಈಗ ಅವಳು ಯಾರನ್ನು ನಂಬಬೇಕು. ನಾನು ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಎಡಗೈ ಬೆನ್ನ ಹಿಂದಿಟ್ಟು, ಬಲಗೈಯ ಹಿಂಬದಿಯನ್ನು ನಲ್ಲಿಗೆ ತಾಗಿಸಿದೆ. ಆಮೇಲೆ ಮುಷ್ಟಿಯಲ್ಲಿ ಹಿಡಿದೆ. ಕಬ್ಬಿಣ ತಣ್ಣಗಿತ್ತು, ಅಷ್ಟೇ. ಹಿಡಿದುಕೊಂಡೇ ನಿಂತೆ. ಹೊರಗೆ ಬೀದಿಯ ಮನೆಗಳಲ್ಲಿ ಒಂದೊಂದಾಗಿ ಲೈಟು ಹೊತ್ತಿಕೊಳ್ಳುತ್ತಿತ್ತು. ಅವುಗಳಲ್ಲಿ ಯಾವುದು ಮಣ್ಣಿನ ಮೂಲಕ ಉರಿಯುತ್ತಿದೆಯೋ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಹುಡುಗಿ ಒಳಗೆ ಬಂದಳು. ನನ್ನ ಕೈಯ ಪಕ್ಕ ಒಂದು ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಏನೂ ಇಲ್ಲ," ಎಂದಳು.

ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಬೆಳಗಿನಿಂದ ಮೈಮೇಲೆ ಒಣಗಿದ್ದ ಎಣ್ಣೆ ಹೋಗುವವರೆಗೆ ಸೀಗೆಪುಡಿ ತಿಕ್ಕಿ ಬಿಸಿನೀರು ಹಾಕಿದೆ. ತಾಯಿ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಕೊನೆಯ ಚೊಂಬು ಸುರಿದು, ತಲೆ ಒರೆಸಿ, ಸೀರೆ ಸುತ್ತಿ ಹೊರಗೆ ಕಳಿಸಿ, ಬಕೆಟ್ಟು ತೊಳೆದು ಬೋರಲು ಹಾಕಿದೆ.